ಒಂದು ಕೊಡ, ಹನ್ನೆರಡು ನಿಮಿಷ

ಅಣ್ಣಿಗೇರಿ
9 ನವೆಂಬರ್ 2025, ಭಾನುವಾರ

ಶಿವಗಂಗಾ ಅವರಿಗೆ ನಮಸ್ಕಾರ.

ನಾನು ಮೃಣಾಲಿನಿ. ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬುಧವಾರ ಕುಂದಗೋಳದಲ್ಲಿ ಶಂಕ್ರಪ್ಪ ಮಾಸ್ತರರು ಹವ್ಯಾಸಿಗಳ ಎಂಟು ಕಿರುನಾಟಕಗಳಿಗೆ ಜೋಡಿ ಆರಿಸಲು ಚೀಟಿ ಎತ್ತಿದಾಗ ನನ್ನ ಹೆಸರಿನ ಜೊತೆಗೆ ನಿಮ್ಮದು ಬಂತು. ನಾಟಕ ಬರೆಯುವವಳು ನಾನು, ಆಡಿಸುವವರು ನೀವು. ನಮ್ಮ ಪಾಲಿಗೆ ಬಂದ ವಸ್ತು ಕೊಡ. ಬರೆಯಲು ನಾಲ್ಕು ದಿನ ಕೊಟ್ಟಿದ್ದರು. ಬರೆದು ಮುಗಿಸಿದ್ದೇನೆ, ಹಾಳೆಗಳು ಇದರ ಜೊತೆಗಿವೆ. ಇನ್ನು ನಿಮಗೆ ಏಳು ದಿನ.

ನಿಯಮಗಳನ್ನು ಮಾಸ್ತರರು ನಿಮಗೂ ಹೇಳಿರಬೇಕು. ಹೋದ ವರ್ಷ ಬರೆದವರೆಲ್ಲ ತಾಲೀಮಿಗೆ ಹೋಗಿ ಕುಳಿತು, ಹೋಗದವರು ಫೋನ್ ಮಾಡಿ ಮಾಡಿ, ಆಡಿಸುವವರ ತಲೆ ತಿಂದರಂತೆ. ಅದಕ್ಕೆ ಈ ವರ್ಷ ನಾಟಕ ಆಗುವ ತನಕ ಇಬ್ಬರೂ ಭೇಟಿಯಾಗಬಾರದು, ಮಾತಾಡಬಾರದು. ಹೇಳುವುದಿದ್ದರೆ ಕೈಯಿಂದ ಬರೆದು, ಹಾಳೆಯ ಫೋಟೊ ಮಾಸ್ತರರ ಫೋನಿಗೆ ಕಳಿಸಬೇಕು. ಅವರು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಮುಂದಕ್ಕೆ ದಾಟಿಸುತ್ತಾರೆ. ನಡುವೆ ಓದಿಕೊಳ್ಳುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಾಸ್ತರರಿಗೂ ನಮಸ್ಕಾರ.

ಕಥೆ ನನ್ನ ಅಜ್ಜಿ ದ್ವಾರಕಾಬಾಯಿಯದು. ಅರವತ್ತು ವರ್ಷದ ಹಿಂದೆ ನವಲಗುಂದ ಕಡೆಯ ನಮ್ಮೂರಲ್ಲಿ ಕುಡಿಯಲು ಕೆರೆಯ ನೀರೇ ಗತಿ. ಹೊಲಗೇರಿಯವರು ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು ಕೂರಬೇಕು, ಇಳಿದವರು ಯಾರಾದರೂ ಮೇಲಿಂದ ಸುರಿಯಬೇಕು. ಬೇರೆ ಹೆಂಗಸರು ಹಿಂದೆ ಮುಂದೆ ನೋಡುವಾಗ ನನ್ನ ಅಜ್ಜಿ ನೀರು ಹಾಕುತ್ತಿದ್ದಳು. ಅಪ್ಪ ಇದನ್ನು ನನಗೆ ಚಿಕ್ಕಂದಿನಿಂದ ಹೇಳಿದ್ದಾರೆ. ಅವರಿಗೀಗ ಎಪ್ಪತ್ತೊಂಬತ್ತು, ಹೆಸರು ಪಾಂಡುರಂಗ, ನಾಟಕಕ್ಕೆ ಬರುತ್ತಾರೆ. ತಮ್ಮ ಅವ್ವ ರಂಗದ ಮೇಲೆ ನೀರು ಹಾಕುವುದನ್ನು ನೋಡಬೇಕೆಂಬುದು ಅವರ ಆಸೆ. ನನಗೂ ಅದೇ ಆಸೆ, ಮುಚ್ಚಿಡುವುದೇನು.

ಪಾತ್ರಗಳು ಎರಡೇ. ಮೊದಲ ಐದೂವರೆ ನಿಮಿಷ ಹೆಂಗಸು ಒಬ್ಬಳೇ, ತನ್ನ ಕೊಡದ ಜೊತೆ ಮಾತಾಡುತ್ತಾಳೆ. ಆಮೇಲೆ ಕಾಯುತ್ತಾಳೆ. ಆಮೇಲೆ ‘ಅವ್ವಾರ, ಒಂದು ಕೊಡಾ ನೀರು ಹಾಕ್ರಿ’ ಎಂದು ಕರೆಯುತ್ತಾಳೆ. ದ್ವಾರಕಾಬಾಯಿ ಬರುತ್ತಾಳೆ, ಮಾತಾಡುತ್ತಾಳೆ, ಕೊನೆಗೆ ನೀರು ಹಾಕುತ್ತಾಳೆ. ನಾನೇ ಗಟ್ಟಿಯಾಗಿ ಓದಿ ನೋಡಿದ್ದೇನೆ, ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಹನ್ನೆರಡು ತುಂಬಿದರೆ ಗಂಟೆ ಹೊಡೆದು ದೀಪ ಆರಿಸುತ್ತಾರೆ. ಅಷ್ಟು ಗಮನವಿರಲಿ.

ಮೃಣಾಲಿನಿ


ದೇವಿಕೊಪ್ಪ
11 ನವೆಂಬರ್

ಮೃಣಾಲಿನಿ ಮೇಡಂ ಅವರಿಗೆ ನಮಸ್ಕಾರ.

ನಾಟಕ ತಲುಪಿತು. ನಾನು ಇಲ್ಲಿನ ಪ್ರೈಮರಿ ಶಾಲೆಯಲ್ಲಿ ಟೀಚರ್. ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲೇ ತಾಲೀಮು. ದ್ವಾರಕಾಬಾಯಿ ಪಾತ್ರಕ್ಕೆ ವೃಂದಾ ಎಂಬವರಿದ್ದಾರೆ, ಕಲಘಟಗಿಯಲ್ಲಿ ಬ್ಯಾಂಕಿನ ಕೆಲಸ, ಮಾತು ಸ್ಪಷ್ಟ. ಹೆಂಗಸಿನ ಪಾತ್ರಕ್ಕೆ ದುಂಡವ್ವ. ಅರವತ್ತೆಂಟು ವರ್ಷ, ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದರು, ಈಗ ಬಿಟ್ಟಿದ್ದಾರೆ. ಓದು ಬರುವುದಿಲ್ಲ. ನಾನು ಓದುತ್ತೇನೆ, ಅವರು ಹಿಡಿಯುತ್ತಾರೆ. ಐದೂವರೆ ನಿಮಿಷದ ಮಾತು ಎರಡನೆಯ ಸಂಜೆಗೆ ಬಾಯಿಪಾಠ ಆಗಿದೆ. ಕೊಡಕ್ಕೆ ಬೈಯುವ ಜಾಗದಲ್ಲಿ ವೃಂದಾ ನಗು ತಡೆಯಲಾರದೆ ಹೊರಗೆ ಹೋಗಿ ಬರುತ್ತಾರೆ. ಚೆನ್ನಾಗಿ ಬರೆದಿದ್ದೀರಿ.

ಎರಡು ವಿಷಯ ಕೇಳಬೇಕು. ದ್ವಾರಕಾಬಾಯಿಗೆ ಹೆಸರಿದೆ, ಇನ್ನೊಬ್ಬಳು ಬರೀ ‘ಹೆಂಗಸು’. ಏನೆಂದು ಕರೆಯೋಣ?

ಇನ್ನೊಂದು, ‘ಹೆಂಗಸು ಕಾಯುತ್ತಾಳೆ’ ಎಂದು ಕಂಸದಲ್ಲಿ ಬರೆದಿದ್ದೀರಿ. ಎಷ್ಟು ಹೊತ್ತು? ದುಂಡವ್ವ ಇದನ್ನೇ ಕೇಳಿದರು. ನಿಮಗೆ ಸರಿ ಅನ್ನಿಸುವಷ್ಟು ಎಂದೆ. ಕುಳಿತರು. ನಾಲ್ಕು ನಿಮಿಷ ಆಯಿತು. ವೃಂದಾ ಹೊರಗೆ ಇಣುಕಿ, “ಮಾತು ಮರ್ತ್ರೇನ್ರಿ?” ಎಂದು ಕೇಳಿದರು.

“ಇಲ್ಲವಾ, ಕಾಯಾಕತ್ತೀನಿ” ಅಂದರು ದುಂಡವ್ವ.

ಶಿವಗಂಗಾ


ಅಣ್ಣಿಗೇರಿ
11 ನವೆಂಬರ್, ಸಂಜೆ

ಶಿವಗಂಗಾ ಅವರಿಗೆ,

ಹೆಸರು ಅಪ್ಪನನ್ನು ಕೇಳಿದೆ. ಅವರಿಗೂ ನೆನಪಿಲ್ಲ. ನಿಮಗೆ ತೋಚಿದ್ದು ಇಟ್ಟುಕೊಳ್ಳಿ.

ಕಾಯುವುದು ಆರು ಸೆಕೆಂಡು. ರಂಗದ ಮೇಲೆ ಆರು ಸೆಕೆಂಡು ಬಹಳವೇ ಆಗುತ್ತದೆ. ಮನಸ್ಸಿನಲ್ಲಿ ಒಂದರಿಂದ ಆರು ಎಣಿಸಿ, ತಲೆ ಎತ್ತಿ, ಕರೆದರಾಯಿತು. ಆ ಕರೆಯನ್ನು ಮಾತ್ರ ಗಟ್ಟಿಯಾಗಿ ಹೇಳಿಸಿ. ದ್ವಾರಕಾಬಾಯಿ ಒಳಗೆ ಬರಲು ಸೂಚನೆ, ಅಂದರೆ ಕ್ಯೂ, ಅದೇ. ಅದು ಕಿವಿಗೆ ಬೀಳದೆ ಸೈಡ್‌ವಿಂಗ್ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದು ಎಂದು ವೃಂದಾ ಅವರಿಗೆ ಹೇಳಿ.

ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಕಾಲೇಜಿನಲ್ಲಿದ್ದಾಗ ಒಂದು ನಾಟಕದಲ್ಲಿ ಕ್ಯೂ ಬರುವ ಮೊದಲೇ ಒಳಗೆ ನುಗ್ಗಿ, ಸಾಯಬೇಕಾದವನು ಸಾಯುವ ಮೊದಲೇ ಅಳತೊಡಗಿದ್ದೆ. ಸಭೆ ನಕ್ಕ ನಗು ಮೂವತ್ತು ವರ್ಷವಾದರೂ ಕಿವಿಯಿಂದ ಹೋಗಿಲ್ಲ.

ಮೃಣಾಲಿನಿ


ದೇವಿಕೊಪ್ಪ
13 ನವೆಂಬರ್

ಮೇಡಂ ಅವರಿಗೆ,

ಎರಡು ದಿನ ನಿಮ್ಮ ಆರು ಸೆಕೆಂಡಿನ ಪ್ರಯತ್ನವನ್ನೇ ಮಾಡಿದೆವು. ದುಂಡವ್ವ ಎಣಿಸುತ್ತಾರೆ, ತುಟಿ ಅಲ್ಲಾಡುವುದು ಕಾಣುತ್ತದೆ. ಆರಕ್ಕೆ ತಲೆ ಎತ್ತಿ ಕರೆಯುತ್ತಾರೆ, ವೃಂದಾ ಬರುತ್ತಾರೆ, ಎಲ್ಲ ನೀವು ಬರೆದ ಹಾಗೆಯೇ ಆಗುತ್ತದೆ. ನೋಡಲು ಮಾತ್ರ ಆಗುವುದಿಲ್ಲ. ಅವರೇ ಹೇಳಿದರು: “ಆರರ ತನಾ ಎಣಿಸಿ ಎದ್ರ ಅದು ಕಾಯೂದು ಆತೇನು? ಬಸ್ಸಿಗೆ ಸೈತ ಅದಕ್ಕಿಂತ ಹೆಚ್ಚು ಕಾಯತೀವಿ.”

ಎಣಿಸಬೇಡಿ ಎಂದು ಬಿಟ್ಟರೆ ಮೂರು, ನಾಲ್ಕು ನಿಮಿಷ ಹೋಗುತ್ತದೆ. ಆಗ ಅವರು ಏನೂ ಮಾಡುವುದಿಲ್ಲ. ತಲೆಯ ಮೇಲೆ ಕೊಡದಡಿ ಇಡುವ ಬಟ್ಟೆಯ ಸಿಂಬಿ ಬಿಚ್ಚಿ ಮತ್ತೆ ಸುತ್ತುತ್ತಾರೆ, ಕೊಡದ ಬಾಯಿಗೆ ಅಂಗೈ ಮುಚ್ಚುತ್ತಾರೆ, ಅಷ್ಟೆ. ನಾನು ಏಳು ವರ್ಷದಿಂದ ನಾಟಕ ಆಡಿಸುತ್ತಿದ್ದೇನೆ, ಇಂಥದ್ದು ನೋಡಿಲ್ಲ.

ದ್ವಾರಕಾಬಾಯಿಯ ಆರು ನಿಮಿಷದ ಮಾತಿನಲ್ಲಿ ಮೂರು ನಿಮಿಷ ಕಡಿಮೆ ಮಾಡಿಕೊಡಿ. ಮಡಿಯ ಬಗ್ಗೆ, ಅತ್ತೆಯ ಬಗ್ಗೆ ಹೇಳುವುದೆಲ್ಲ ಹೋದರೂ ನಡೆಯುತ್ತದೆ. ಆ ಹೊತ್ತನ್ನು ದುಂಡವ್ವನಿಗೆ ಕೊಡೋಣ.

ಒಮ್ಮೆ ಮಾತ್ರ ಅವರು “ಕರೀಬೇಕಾ?” ಎಂದು ಕೇಳಿದರು. ಹೌದು, ಬರೆದವರು ಹಾಗೆ ಬರೆದಿದ್ದಾರೆ ಎಂದೆ. ಸರಿ ಎಂದು ಕರೆದರು.

ಶಿವಗಂಗಾ


ಅಣ್ಣಿಗೇರಿ
13 ನವೆಂಬರ್, ಸಂಜೆ

ಶಿವಗಂಗಾ ಅವರಿಗೆ,

ಮೂರು ನಿಮಿಷ ತೆಗೆದರೆ ನನ್ನ ಅಜ್ಜಿ ಎಲ್ಲಿ ಉಳಿದಳು? ಮಡಿಯ ಮಾತು, ಅತ್ತೆಯ ಹೆದರಿಕೆ ಇಲ್ಲದಿದ್ದರೆ ಅವಳು ನೀರು ಹಾಕಿದ್ದಕ್ಕೆ ಏನು ಬೆಲೆ? ನಲ್ಲಿ ಬಿಟ್ಟ ಹಾಗಾಗುತ್ತದೆ. ಈ ನಾಟಕ ನಿಂತಿರುವುದೇ ಆ ಆರು ನಿಮಿಷದ ಮೇಲೆ.

ತಪ್ಪು ತಿಳಿಯಬೇಡಿ. ದುಂಡವ್ವನವರಿಗೆ ವಯಸ್ಸಾಗಿದೆ, ಓದು ಬರುವುದಿಲ್ಲ, ಹೊತ್ತಿನ ಅಂದಾಜು ತಪ್ಪುತ್ತಿರಬಹುದು. ಇನ್ನೂ ಮೂರು ದಿನವಿದೆ. ಕಲಘಟಗಿಯಲ್ಲಿ ಹವ್ಯಾಸಿಗಳಿಗೆ ಬರಗಾಲವಿಲ್ಲ. ಸ್ವಲ್ಪ ಚುರುಕಾದವರನ್ನು ನೋಡಬಾರದೇಕೆ?

ಮೃಣಾಲಿನಿ


ದೇವಿಕೊಪ್ಪ
14 ನವೆಂಬರ್

ಮೇಡಂ,

ಬೇರೆಯವರನ್ನು ನೋಡುವುದಿಲ್ಲ.

ದುಂಡವ್ವ ನನ್ನ ದೊಡ್ಡವ್ವ, ನನ್ನ ತಾಯಿಯ ಅಕ್ಕ. ನವಲಗುಂದ ಸೀಮೆಯ ಹುಡುಗಿ. ಏಳನೆಯ ವರ್ಷದಿಂದ ಹದಿನಾರನೆಯ ವರ್ಷದ ತನಕ, ಕುಬಿಹಾಳಕ್ಕೆ ಮದುವೆಯಾಗಿ ಹೋಗುವ ವರೆಗೆ, ದಿನಾ ಮುಂಜಾನೆ ಕೆರೆಯ ದಂಡೆಯ ಮೇಲೆ ಕೊಡ ಇಟ್ಟುಕೊಂಡು ಕುಳಿತವಳು. ಹೊತ್ತಿನ ಅಂದಾಜು ಅವಳಿಗೆ ತಪ್ಪುವುದಿಲ್ಲ.

ಇದನ್ನು ಮೊದಲೇ ಹೇಳಬಹುದಿತ್ತು. ಹೇಳಿದರೆ ನೀವು ಅವಳ ನಟನೆಯನ್ನು ನಟನೆಯೆಂದು ನೋಡುವುದಿಲ್ಲ ಅನ್ನಿಸಿತು. ನಿನ್ನೆಯ ಪತ್ರ ಓದಿ ಸಿಟ್ಟು ಬಂತು, ಅದಕ್ಕೇ ಹೇಳಿದೆ. ಆ ಪತ್ರವನ್ನು ಅವಳಿಗೆ ಓದಿ ಹೇಳಿಲ್ಲ.

ಶಿವಗಂಗಾ


ಅಣ್ಣಿಗೇರಿ
14 ನವೆಂಬರ್, ಸಂಜೆ

ಶಿವಗಂಗಾ ಅವರಿಗೆ,

ನಿನ್ನೆ ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ.

ಒಂದು ನಿಮಿಷ ತೆಗೆದಿದ್ದೇನೆ, ಹಾಳೆ ಜೊತೆಗಿದೆ. ಅತ್ತೆಯ ಮಾತಿನ ಎರಡನೆಯ ಭಾಗ ಹೋಯಿತು. ಇದಕ್ಕಿಂತ ಹೆಚ್ಚು ನನ್ನಿಂದ ಆಗದು. ಅಪ್ಪ ದಿನಾ ಕೇಳುತ್ತಾರೆ, “ಅವ್ವನ ಪಾತ್ರ ಹೆಂಗ ಬಂದದ?” ಎಂದು. ಕರೆಯುವ ಮಾತು, ನೀರು ಹಾಕುವುದು ಎರಡೂ ಇರಲೇಬೇಕು.

ನವಲಗುಂದ ಸೀಮೆ ಎಂದಿರಿ. ಯಾವ ಊರು?

ಮೃಣಾಲಿನಿ


ದೇವಿಕೊಪ್ಪ
15 ನವೆಂಬರ್, ಶನಿವಾರ

ಮೇಡಂ ಅವರಿಗೆ,

ಒಂದು ನಿಮಿಷಕ್ಕೆ ಧನ್ಯವಾದ. ದೊಡ್ಡವ್ವ ಅಷ್ಟರಲ್ಲಿ ಹೊಂದಿಸಿಕೊಂಡಿದ್ದಾಳೆ. ನಿನ್ನೆಯ ಎರಡೂ ತಾಲೀಮು ಹನ್ನೆರಡರೊಳಗೆ ಮುಗಿದವು.

ಈಗ ಬೇರೆ ಫಜೀತಿ. ವೃಂದಾ ಅವರನ್ನು ನೋಡಲು ಬೆಳಗಾವಿಯಿಂದ ಗಂಡಿನ ಕಡೆಯವರು ನಾಳೆಯೇ ಬರುತ್ತಾರಂತೆ. ಮುಂದೆ ಹಾಕಿರೆಂದು ಹೇಳಿದ್ದಕ್ಕೆ ಅವರ ತಾಯಿ, “ನಾಟಕ ಮುಂದಿನ ವರ್ಷನೂ ಇರತದ, ಹುಡುಗ ಇರಂಗಿಲ್ಲ” ಎಂದರಂತೆ.

ದ್ವಾರಕಾಬಾಯಿಯ ಮಾತು ಪೂರ್ತಿ ಬರುವವರು ಇನ್ನೊಬ್ಬರೇ ಇದ್ದಾರೆ, ಅದು ನೀವು. ಮಾಸ್ತರರನ್ನು ಕೇಳಿದೆ. ಆಡಬಹುದು, ಆದರೆ ಪರದೆ ಏಳುವ ಮೊದಲು ನಾವಿಬ್ಬರೂ ನಮಸ್ಕಾರದ ಹೊರತು ಮಾತಾಡಬಾರದು, ನೀವು ದೊಡ್ಡವ್ವನ ಜೊತೆಗೂ ಮಾತಾಡಬಾರದು ಎಂದರು. ಬರುತ್ತೀರಾ?

ಶಿವಗಂಗಾ


ಅಣ್ಣಿಗೇರಿ
15 ನವೆಂಬರ್, ಸಂಜೆ

ಶಿವಗಂಗಾ ಅವರಿಗೆ,

ಬರುತ್ತೇನೆ. ಅಪ್ಪನಿಗೆ ಹೇಳಿದೆ. ಅಜ್ಜಿಯ ಕಚ್ಚೆ ಸೀರೆ ಟ್ರಂಕಿನಿಂದ ತೆಗೆಸಿದ್ದಾರೆ.

ಕರೆಯುವ ಮಾತು ಗಟ್ಟಿಯಾಗಿರಲಿ. ಊರಿನ ಹೆಸರು ನೀವು ಹೇಳಲಿಲ್ಲ.

ಮೃಣಾಲಿನಿ


ಅಣ್ಣಿಗೇರಿ
18 ನವೆಂಬರ್

ಶಿವಗಂಗಾ ಅವರಿಗೆ,

ಈಗ ಫೋನ್ ಮಾಡಬಹುದು. ಎರಡು ಸಲ ನಂಬರ್ ಒತ್ತಿ ಬಿಟ್ಟೆ. ಬರೆಯುವುದೇ ರೂಢಿಯಾಗಿದೆ.

ಭಾನುವಾರ ಸಭೆಯ ಹಿಂದೆ ಕುಳಿತಿದ್ದ ನಿಮಗೆ ಕಂಡದ್ದು ಬೇರೆ ಇರಬಹುದು. ವಿಂಗ್‌ನಲ್ಲಿ ನಿಂತಿದ್ದ ನನಗೆ ಕಂಡದ್ದು ಹೇಳುತ್ತೇನೆ. ಖಾಲಿ ಕೊಡ ಹಿಡಿದರೆ ನಡಿಗೆ ಸುಳ್ಳಾಗುತ್ತದೆ ಎಂದು ನಾನು ನಾಟಕ ನಡೆದ ಕಲ್ಯಾಣ ಮಂಟಪದ ನಲ್ಲಿಯಲ್ಲಿ ಕೊಡ ತುಂಬಿಸಿಕೊಂಡಿದ್ದೆ. ದುಂಡವ್ವ ಅದನ್ನು ನೋಡಿದರು. ಮಾತಾಡುವಂತಿರಲಿಲ್ಲ, ಮಾಸ್ತರರು ನಡುವೆಯೇ ಕಂಬದ ಹಾಗೆ ನಿಂತಿದ್ದರು.

ಮೊದಲ ಐದೂವರೆ ನಿಮಿಷ ಸಭೆ ನಕ್ಕಿತು. ನಾನು ಬರೆದದ್ದಕ್ಕೆ ಜನ ಅಷ್ಟು ನಕ್ಕದ್ದು ಅದೇ ಮೊದಲು, ಖುಷಿಯಾಯಿತು. ಆಮೇಲೆ ಅವರು ಸಿಂಬಿ ಬಿಚ್ಚಿ ಸುತ್ತಿ, ಕೊಡದ ಬಾಯಿಗೆ ಕೈ ಇಟ್ಟು ಕುಳಿತರು. ನಾನು ಕೊಡ ಸೊಂಟಕ್ಕೇರಿಸಿದೆ. ಒಂದು ನಿಮಿಷ ಕಳೆಯಿತು. ಕರೆಯಲಿಲ್ಲ. ಎರಡು ಕಳೆಯಿತು. ಮರೆತರು ಎಂದುಕೊಂಡೆ. ಅವರ ಮುಖ ನನ್ನ ಕಡೆಗಿತ್ತು, ಮರೆತವರ ಮುಖವಲ್ಲ. ನನ್ನ ತೋಳು ಜುಮುಗುಟ್ಟತೊಡಗಿತು. ಸಭೆಯಲ್ಲಿ ಒಬ್ಬರು ಕೆಮ್ಮಿದರು, ಯಾರದೋ ಫೋನ್ ರಿಂಗಾಗಿ ನಿಂತಿತು. ನಾಲ್ಕನೆಯ ನಿಮಿಷಕ್ಕೋ ಐದಕ್ಕೋ ಮೂರನೆಯ ಸಾಲಿನಿಂದ ಒಬ್ಬ ಹೆಂಗಸು, “ಯಾರರ ಒಂದ್ ಕೊಡಾ ನೀರು ಹಾಕ್ರಬೇ ಆಕಿಗೆ” ಎಂದಳು. ಯಾರೂ ನಗಲಿಲ್ಲ.

ಆಗಲೂ ನಾನು ಹೋಗಲಿಲ್ಲ. ಅದು ನನ್ನ ಕ್ಯೂ ಆಗಿರಲಿಲ್ಲ. ತುಂಬಿದ ಕೊಡ ಹಿಡಿದು, ಹತ್ತು ಹೆಜ್ಜೆ ದೂರದಲ್ಲಿ, ಕರೆಯಲಿ ಎಂದು ನಿಂತೇ ಇದ್ದೆ. ಗಂಟೆ ಹೊಡೆಯಿತು, ದೀಪ ಆರಿತು. ಅಜ್ಜಿಯ ಒಂದು ಮಾತೂ ಆಗಲಿಲ್ಲ, ಒಂದು ಹನಿ ನೀರೂ ಬೀಳಲಿಲ್ಲ. ಜನ ಚಪ್ಪಾಳೆ ತಟ್ಟುವಾಗ ನಾನು ಕತ್ತಲಲ್ಲಿ ಕೊಡ ಎಲ್ಲಿ ಇಳಿಸುವುದೆಂದು ತಡಕಾಡುತ್ತಿದ್ದೆ. ನಿಮಗೆ ಹೇಳದೆ ಬಂದುಬಿಟ್ಟೆ. ಸಿಟ್ಟು ಬಂದಿತ್ತು.

ಮರಳುವ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕುಳಿತಿದ್ದರು. ನಲವಡಿ ದಾಟಿದ ಮೇಲೆ, “ಅವ್ವ ಮೊದಲ ಮನಿಗೆ ನಾಕು ಕೊಡಾ ಒಯ್ಯತಿದ್ಲು. ಆಮ್ಯಾಲೆ ಆಕಿಗೆ ಹಾಕತಿದ್ಲು” ಅಂದರು.

“ಅಷ್ಟೊತ್ತು ಆಕಿ ಏನ್ ಮಾಡತಿದ್ಲು?” ಎಂದು ಕೇಳಿದೆ.

“ಕೂತಿರತಿದ್ಲು.”

“ಇದನ್ನ ನನಗ ಯಾಕ ಹೇಳಿದ್ದಿಲ್ಲ ನೀವು?”

“ನೀ ಕೇಳಿದ್ದಿಲ್ಲಲ್ಲ.”

ಕೆರೆಯಿಂದ ಮನೆಗೆ ಹೋಗಿ ಬರಲು ಹತ್ತು ನಿಮಿಷವಾದರೂ ಬೇಕು. ನಾಲ್ಕು ಸಲಕ್ಕೆ ನಲವತ್ತು. ನಾನು ಆರು ಸೆಕೆಂಡು ಬರೆದಿದ್ದೆ. ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಎರಡು ವಿಷಯ ಕೇಳುತ್ತೇನೆ, ಈ ಸಲ ಉತ್ತರ ಬರೆಯಿರಿ. ಅವರು ಕರೆಯದಿದ್ದದ್ದು ನೀವು ಹೇಳಿಕೊಟ್ಟದ್ದೆ? ಅವರದು ಯಾವ ಊರು?

ಮೃಣಾಲಿನಿ


ದೇವಿಕೊಪ್ಪ
20 ನವೆಂಬರ್

ಮೃಣಾಲಿನಿ ಅವರಿಗೆ,

ನಾನು ಹೇಳಿಕೊಟ್ಟಿಲ್ಲ. ಶನಿವಾರದ ತಾಲೀಮಿನಲ್ಲೂ ಕರೆದಿದ್ದಳು. ಹಿಂದೆ ಕುಳಿತು ನಾನೂ ಗಡಿಯಾರ ನೋಡಿ ನೋಡಿ ಬೆವತಿದ್ದೇನೆ. ನೀವು ಯಾಕೆ ಬರುತ್ತಿಲ್ಲ ಎಂದು ನಿಮ್ಮ ಮೇಲೂ ಸಿಟ್ಟು ಬಂದಿತ್ತು.

ಮರುದಿನ ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ವೃಂದಕ್ಕ ಖಾಲಿ ಕೊಡಾ ಹಿಡಕೊಂಡು ಬರತಿದ್ಲು, ಅದಕ್ಕ ನಾಟಕದ ಮಾತು ಹೇಳತಿದ್ದೆ. ಈ ಅಕ್ಕಾರು ಕೊಡಾ ತುಂಬಿಸಿಕೊಂಡು ಅಲ್ಲೇ ನಿಂತಿದ್ರು. ನೀರು ತುಳುಕೂದು ನನಗ ಕಾಣತಿತ್ತು, ನಾ ಕುಂತದ್ದು ಅವರಿಗೆ ಕಾಣತಿತ್ತು. ಕಂಡ ಮ್ಯಾಲೆ ಕರಿಯೂದು ಯಾಕಬೇ? ನಾವು ಯಾವತ್ತೂ ಕರದಾವರಲ್ಲ. ಕರದ್ರ ಬೈತಿದ್ರು.”

ಬೇಕೆಂದು ಮಾಡಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದೇ ಕುಳಿತಿದ್ದಳಂತೆ. ಗಂಟೆ ಹೊಡೆದಾಗ ಅವಳಿಗೂ ಆಶ್ಚರ್ಯವಾಯಿತಂತೆ.

ಊರು ನಿಮ್ಮದಲ್ಲ. ನಾಟಕದಲ್ಲಿ ನೀವು ಹೆಸರಿಸಿದ ನಿಮ್ಮೂರಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆ. ನೀವು ಮೊದಲ ಸಲ ಕೇಳಿದಾಗಲೇ ನನಗೆ ಗೊತ್ತಿತ್ತು. ನಮ್ಮೂರಲ್ಲವಲ್ಲ ಎಂದು ನಿಮಗೆ ಸಮಾಧಾನವಾದೀತು, ಅದಕ್ಕೇ ಹೇಳಲಿಲ್ಲ.

ಶಿವಗಂಗಾ


ಅಣ್ಣಿಗೇರಿ
22 ನವೆಂಬರ್

ಶಿವಗಂಗಾ ಅವರಿಗೆ,

ಸಮಾಧಾನವಾಯಿತು, ಒಂದು ಕ್ಷಣ. ನಿಮ್ಮ ಲೆಕ್ಕ ಸರಿಯಿತ್ತು.

ಎಂಟೂ ನಾಟಕಗಳು ಮೂವತ್ತನೆಯ ತಾರೀಕು ನವಲಗುಂದದಲ್ಲಿ ಮತ್ತೆ ಆಗುತ್ತವೆ ಎಂದು ಮಾಸ್ತರರು ಹೇಳಿದರು. ವೃಂದಾ ಅವರಿಗೆ ಗಂಡು ಒಪ್ಪಿಗೆಯಾಗಿ ಅಂದೇ ನಿಶ್ಚಯವಂತೆ, ಆದ್ದರಿಂದ ನಾನೇ ಬರುತ್ತೇನೆ. ಅಪ್ಪನೂ ಬರುತ್ತಾರೆ. ಈಗಲೂ ಅವರಿಗೆ ನೀರು ಹಾಕುವುದನ್ನು ನೋಡಬೇಕು. ನನಗೂ ಹಾಕಬೇಕು.

ಹೊಸ ಹಾಳೆ ಜೊತೆಗಿದೆ. ಕರೆಯುವ ಮಾತು ಹೊಡೆದು ಹಾಕಿದ್ದೇನೆ. ಮಡಿಯ ಮಾತು, ಅತ್ತೆಯ ಮಾತು ಎಲ್ಲ ಹೋಯಿತು, ನೀರು ಹಾಕುವುದೊಂದೇ ಉಳಿದಿದೆ. ಆದರೆ ಕ್ಯೂ ಇಲ್ಲದೆ ನಾನು ಯಾವಾಗ ಒಳಗೆ ಬರಬೇಕು? ಎರಡನೆಯ ನಿಮಿಷಕ್ಕೋ, ಐದನೆಯದಕ್ಕೋ? ದುಂಡವ್ವನವರನ್ನು ಕೇಳಿ ಬರೆಯಿರಿ. ಅವರು ಹೇಳಿದ ಹಾಗೆ ಮಾಡುತ್ತೇನೆ.

ಮೃಣಾಲಿನಿ


ದೇವಿಕೊಪ್ಪ
24 ನವೆಂಬರ್

ಮೃಣಾಲಿನಿ ಅವರಿಗೆ,

ಹಾಳೆ ಸಿಕ್ಕಿತು. ಹೆಂಗಸಿಗೆ ಈಗಲೂ ಹೆಸರಿಲ್ಲ, ತೋಚಿದ್ದು ಇಟ್ಟುಕೊಳ್ಳಿ ಎಂದಿದ್ದಿರಿ, ದುಂಡವ್ವ ಎಂದೇ ಬರೆದುಕೊಂಡೆ. ಭಾನುವಾರ ನವಲಗುಂದಕ್ಕೆ ಮೂರೂವರೆಗೆ ಬಂದರೆ ಒಂದು ತಾಲೀಮು ಮಾಡಬಹುದು, ಈಗ ಮಾಸ್ತರರ ಅಡ್ಡಿಯಿಲ್ಲ.

ನೀವು ಯಾವಾಗ ಬರಬೇಕೆಂದು ದೊಡ್ಡವ್ವನನ್ನು ಕೇಳಿದೆ. ಅಕ್ಕಿ ಆರಿಸುತ್ತ ಕುಳಿತಿದ್ದಳು. ಒಂದು ಕಲ್ಲು ಹೆಕ್ಕಿ ಬಿಸಾಡಿದಳು.

“ಅದನ್ನ ನಾ ಹೆಂಗ ಹೇಳ್ಲಿ?” ಅಂದಳು. “ಅದು ಯಾವಾಗ್ಲೂ ಹಾಕಾವ್ರಿಗೆ ಬಿಟ್ಟದ್ದು.”

ಶಿವಗಂಗಾ